ಹತ್ತು ಅಡಿ ಮಳಿಗೆ ಕಲಿಸಿದ ಪಾಠ



ದ್ವಿತೀಯ ಪಿಯುಸಿ ವ್ಯವಹಾರ ಅಧ್ಯಯನದಲ್ಲಿ ‘ಮಾರುಕಟ್ಟೆ ಮಿಶ್ರಣ’ ಎಂಬ ಪಾಠವನ್ನು ನಾನು ಹಲವು ವರ್ಷಗಳಿಂದ ಕಲಿಸುತ್ತಿದ್ದೇನೆ. ಉತ್ಪನ್ನ, ಬೆಲೆ, ಸ್ಥಳ, ಪ್ರವರ್ತನೆ ಎಂದು ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದು, ಒಂದೊಂದಕ್ಕೂ ವಿವರಣೆ ಕೊಟ್ಟು, ಪರೀಕ್ಷೆಗೆ ಹೇಗೆ ಬರೆಯಬೇಕೆಂದು ಹೇಳಿ ಮುಗಿಸುತ್ತಿದ್ದೆ. ಆ ನಾಲ್ಕು ಚೌಕಗಳು ಒಂದು ಮಳಿಗೆಯೊಳಗೆ ಬಂದು ನಿಂತಾಗ ಏನಾಗುತ್ತದೆ ಎಂಬುದು ನನಗೇ ಗೊತ್ತಿರಲಿಲ್ಲ. ಅದನ್ನು ಕಲಿಸಿದ್ದು ಹುಬ್ಬಳ್ಳಿಯಲ್ಲಿ ನಡೆದ ನಾಲ್ಕು ದಿನಗಳ ಒಂದು ಕರಕುಶಲ ವಸ್ತು ಪ್ರದರ್ಶನ, ಮೂವತ್ತನಾಲ್ಕು ಕೌದಿಗಳು ಮತ್ತು ನನ್ನ ಅಮ್ಮಿ.

ನಮ್ಮ ಅಮ್ಮಿ ಮತ್ತು ಓಣಿಯ ಆರು ಮಂದಿ ಹೆಣ್ಣುಮಕ್ಕಳು ಸೇರಿ ಕೌದಿ ಹೊಲಿಯುತ್ತಾರೆ. ಮನೆಯಲ್ಲಿ ನಾವು ಅದನ್ನು ಗೋದಡಿ ಎನ್ನುತ್ತೇವೆ, ಪಕ್ಕದ ಮನೆಯವರು ಕೌದಿ ಎನ್ನುತ್ತಾರೆ. ಹೆಸರು ಎರಡಾದರೂ ವಸ್ತು ಒಂದೇ. ಉಟ್ಟು ಮೆತ್ತಗಾದ ಸೀರೆ, ಧೋತರ, ಲುಂಗಿಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಕೈಸೂಜಿಯಿಂದ ಸಾಲು ಸಾಲಾಗಿ ಹೊಲಿಯುವ ಹಾಸಿಗೆ. ಮಳಿಗೆಯ ಬಾಡಿಗೆಯನ್ನು ಅವರು ತಮ್ಮ ಸಂಘದ ಉಳಿತಾಯದಿಂದ ತೆಗೆದುಕೊಟ್ಟರು. “ನೀ ಕಾಮರ್ಸ್ ಕಲಿಸ್ತೀಯಲ್ಲ, ಅಂಗಡಿ ನೀನ ಹಚ್ಚು” ಎಂದರು. ನಾನು ಒಪ್ಪಿಕೊಂಡೆ.

ಮೊದಲ ದಿನ ನಾನು ಮಾಡಿದ ತಪ್ಪುಗಳು

ನಮಗೆ ಸಿಕ್ಕಿದ್ದು ಹತ್ತು ಅಡಿ ಅಗಲ, ಹತ್ತು ಅಡಿ ಆಳದ ಮಳಿಗೆ. ಮೂರು ಕಡೆ ಬಟ್ಟೆಯ ಗೋಡೆ, ಎದುರು ಖಾಲಿ. ಸಂಘಟಕರು ಕೊಟ್ಟ ಮೇಜನ್ನು ನಾನು ಬಾಗಿಲಿಗೆ ಅಡ್ಡವಾಗಿ ಹಾಕಿದೆ. ಕೌದಿಗಳನ್ನು ಮಡಚಿ, ಗೋದಾಮಿನ ಮೂಟೆಗಳಂತೆ ಮೂರು ಸಾಲು ಪೇರಿಸಿದೆ. ತಲೆಯ ಮೇಲೆ ಒಂದು ಬಿಳಿ ಟ್ಯೂಬ್‌ಲೈಟ್. ಬೆಲೆ ಎಲ್ಲಿಯೂ ಬರೆದಿರಲಿಲ್ಲ. ಗಿರಾಕಿ ಕೇಳಿದರೆ ಹೇಳಿದರಾಯಿತು ಎಂದುಕೊಂಡಿದ್ದೆ. ಪೆಟ್ಟಿಗೆಯಲ್ಲಿ ಹುಳ ಬೀಳದಿರಲೆಂದು ಹಾಕಿದ್ದ ಡಾಂಬರು ಗುಳಿಗೆಯ ವಾಸನೆ ಎರಡು ಮಳಿಗೆ ಆಚೆಗೂ ಹೋಗುತ್ತಿತ್ತು. ನಾನು ಮೇಜಿನ ಹಿಂದೆ ಕುರ್ಚಿ ಹಾಕಿ ಕುಳಿತು ಮೊಬೈಲ್ ನೋಡುತ್ತಿದ್ದೆ.

ಜನ ಬಂದರು, ಮೇಜಿನವರೆಗೂ ಬಾರದೆ ಮುಂದೆ ಹೋದರು. ಮಧ್ಯಾಹ್ನ ಒಬ್ಬ ಮಹಿಳೆ ನಿಂತು ಮೇಲಿನ ಕೌದಿಯ ಅಂಚನ್ನು ಎತ್ತಿ ನೋಡಿದರು. “ಒಳಗ ಹಳೇ ಬಟ್ಟಿ ಹಾಕೀರೇನು? ಯಾರು ಉಟ್ಟಿದ್ದೋ ಏನೋ” ಎಂದರು. ನಾನು ಗಾಬರಿಯಿಂದ, “ಇಲ್ಲ ಮೇಡಂ, ಎಲ್ಲಾ ಹೊಸಾ ಬಟ್ಟೆ” ಎಂದುಬಿಟ್ಟೆ.

ಹಿಂದೆ ಸೂಜಿ ಹಿಡಿದು ಕುಳಿತಿದ್ದ ಅಮ್ಮಿ ತಲೆ ಎತ್ತಿದರು. “ಇಲ್ರಿ ಅಕ್ಕಾರ, ಒಳಗಿಂದು ಹಳೇ ಸೀರಿನ ಅದಾವು. ಸೋಡಾ ಹಾಕಿ ಕುದಿಸಿ, ಬಿಸಲಾಗ ಒಣಗಿಸಿ ಹೊಲದೇವಿ. ಬೇಕಿದ್ರ ತಗೋರಿ” ಎಂದರು. ಆ ಮಹಿಳೆ ನನ್ನನ್ನು ಒಮ್ಮೆ, ಅಮ್ಮಿಯನ್ನು ಒಮ್ಮೆ ನೋಡಿ ಹೊರಟುಹೋದರು. ಅಮ್ಮಿ ನನಗೆ ಹೇಳಿದ್ದು ಇಷ್ಟೇ: “ಐಬು ಮುಚ್ಚಿ ಮಾರಬಾರದು ಬೇಟಾ. ಅದೂ ಇದು ಐಬೇ ಅಲ್ಲ.”

ಸಂಜೆ ಏಳಕ್ಕೆ ಒಬ್ಬರು ಚೌಕಾಶಿಗೆ ಇಳಿದರು. ದಿನವಿಡೀ ಏನೂ ಮಾರಾಟವಾಗಿರಲಿಲ್ಲ ಎಂಬ ಭಯದಲ್ಲಿ, 1,800 ರೂಪಾಯಿ ಎಂದುಕೊಂಡಿದ್ದ ಕೌದಿಯನ್ನು 900ಕ್ಕೆ ಕೊಟ್ಟೆ. ಅದು ನೆರೆಮನೆಯ ಖಾಲಾ ಹೊಲಿದದ್ದು. ಪ್ರತಿ ಕೌದಿಗೆ ಹೊಲಿದವರಿಗೆ 1,000 ರೂಪಾಯಿ ಎಂದು ಮೊದಲೇ ಮಾತಾಗಿತ್ತು. ಖಾಲಾ ಏನೂ ಅನ್ನಲಿಲ್ಲ. ಸುಮ್ಮನೆ ಊಟದ ಡಬ್ಬಿ ಕಟ್ಟತೊಡಗಿದರು. ತರಗತಿಯಲ್ಲಿ ಬೆಲೆ ನಿರ್ಧಾರದ ಪಾಠ ಮಾಡುವ ನನಗೆ ಆ ಮೌನ ಚೆನ್ನಾಗಿಯೇ ಅರ್ಥವಾಯಿತು.

ಆ ರಾತ್ರಿ ಎಲ್ಲರೂ ಕುಳಿತು ಮಳಿಗೆಯನ್ನು ಹೊಸದಾಗಿ ಯೋಚಿಸಿದೆವು. ಮುಂದಿನ ಭಾಗ ಆ ರಾತ್ರಿಯ ಪಾಠ. ನಿಮ್ಮ ಕಾಲೇಜಿನ ವ್ಯಾಪಾರ ಮೇಳಕ್ಕೂ, ಮುಂದೆ ನಿಮ್ಮದೇ ಸರಕಿಗೂ ಉಪಯೋಗಕ್ಕೆ ಬರಬಹುದು.

ಒಂದು: ಬರುವವರು ಯಾರು ಎಂದು ಮೊದಲು ಕೇಳಿ

ಅಮೆರಿಕದ ಹ್ಯೂಸ್ಟನ್ ನಗರದಲ್ಲಿ 1970ರ ದಶಕದಿಂದ ದೊಡ್ಡ ಕ್ವಿಲ್ಟ್ ಪ್ರದರ್ಶನ ನಡೆದುಕೊಂಡು ಬಂದಿದೆ. ಕ್ವಿಲ್ಟ್ ಎಂದರೆ ಅವರ ಕೌದಿ. ಇಂಥ ಪ್ರದರ್ಶನಗಳಲ್ಲಿ ಎರಡು ಬಗೆ ಇದೆ: ಅಂಗಡಿಕಾರರಿಗೆ ಮಾತ್ರ ಪ್ರವೇಶವಿರುವ ವ್ಯಾಪಾರ ಮೇಳ ಒಂದು, ಸಾರ್ವಜನಿಕರೆಲ್ಲ ಬರುವ ಉತ್ಸವ ಇನ್ನೊಂದು. ಮೊದಲನೆಯದಕ್ಕೆ ಬರುವವರು ನೂರು ಮೀಟರ್ ಬಟ್ಟೆಗೆ, ಡಜನ್‌ಗಟ್ಟಲೆ ಸಾಮಾನಿಗೆ ಆರ್ಡರ್ ಕೊಡುವವರು. ಅವರಿಗೆ ಮಾದರಿ, ಸಗಟು ದರ, ಎಷ್ಟು ದಿನದಲ್ಲಿ ಕೊಡುತ್ತೀರಿ ಎಂಬ ಮಾಹಿತಿ ಬೇಕು. ಎರಡನೆಯದಕ್ಕೆ ಬರುವವರು ಒಂದನ್ನು ಕೊಂಡು ಕೈಯಲ್ಲಿ ಹಿಡಿದು ಮನೆಗೆ ಹೋಗುವವರು. ಅವರಿಗೆ ಮುಟ್ಟಿ ನೋಡಲು ಸರಕು ಬೇಕು, ಚೀಲ ಬೇಕು, ಚಿಲ್ಲರೆ ಬೇಕು. ಮಳಿಗೆಯ ರಚನೆ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಹುಬ್ಬಳ್ಳಿಯದು ಎರಡನೆಯ ಬಗೆ. ನಾನು ಗೋದಾಮಿನಂತೆ ಪೇರಿಸಿಟ್ಟಿದ್ದು ಆ ಕಾರಣಕ್ಕೇ ತಪ್ಪಾಗಿತ್ತು.

ಎರಡು: ಅಂಗಳದಲ್ಲಿ ಒಮ್ಮೆ ಕಟ್ಟಿ ನೋಡಿ

ಮಳಿಗೆಯ ಅಳತೆ ಗೊತ್ತಾದ ಕೂಡಲೆ ಮನೆಯ ಅಂಗಳದಲ್ಲಿ ಸುಣ್ಣದ ಪುಡಿಯಿಂದ ಅಷ್ಟೇ ಚೌಕ ಬರೆಯಿರಿ. ಅದರೊಳಗೆ ಮೇಜು, ಕುರ್ಚಿ, ಸರಕು ಇಟ್ಟು ಮೂರು ಜನ ಒಟ್ಟಿಗೆ ಓಡಾಡಿ ನೋಡಿ. ನೂರು ಚದರ ಅಡಿ ಕಾಗದದ ಮೇಲೆ ದೊಡ್ಡದು, ನಿಂತಾಗ ಚಿಕ್ಕದು. ನಾವು ಇದನ್ನು ಆ ರಾತ್ರಿ ಮಾಡಿದಾಗ ಅಡ್ಡ ಹಾಕಿದ ಮೇಜೇ ದೊಡ್ಡ ಶತ್ರು ಎಂದು ತಿಳಿಯಿತು. ಮೇಜು ಅಡ್ಡವಿದ್ದರೆ ಗಿರಾಕಿ ಹೊರಗೇ ಉಳಿಯುತ್ತಾನೆ. ಅದನ್ನು ಬಲಗಡೆಯ ಗೋಡೆಗೆ ಸರಿಸಿದರೆ ಒಳಗೆ ಬರಲು ದಾರಿಯಾಗುತ್ತದೆ. ಒಳಗೆ ಬಂದವರು ಸ್ವಲ್ಪ ಹೊತ್ತು ನಿಲ್ಲುತ್ತಾರೆ, ನಿಂತವರು ಮುಟ್ಟುತ್ತಾರೆ.

ಸಂಘಟಕರನ್ನು ಮೊದಲೇ ಕೇಳಬೇಕಾದ ಪ್ರಶ್ನೆಗಳೂ ಇವೆ. ಗೋಡೆಯ ಎತ್ತರ ಎಷ್ಟು? ಮೊಳೆ ಹೊಡೆಯಬಹುದೆ? ಚೌಕಟ್ಟಿನ ಪೈಪು ಎಷ್ಟು ಭಾರ ತಡೆಯುತ್ತದೆ? ವಿದ್ಯುತ್ ಪ್ಲಗ್ ಎಷ್ಟು? ರಾತ್ರಿ ಕಾವಲು ಇದೆಯೆ? ಮಳೆ ಬಂದರೆ ಮೇಲ್ಛಾವಣಿ ಸೋರುತ್ತದೆಯೆ? ಈ ಆರು ಪ್ರಶ್ನೆಗಳಲ್ಲಿ ಒಂದನ್ನೂ ನಾನು ಕೇಳಿರಲಿಲ್ಲ.

ಮೂರು: ಮಡಚಿಡಬೇಡಿ, ತೂಗುಹಾಕಿ

ಮಡಚಿದ ಕೌದಿ ಕಂಬಳಿಯ ಗಂಟಿನಂತೆ ಕಾಣುತ್ತದೆ. ಬಿಡಿಸಿ ತೂಗುಹಾಕಿದರೆ ಅದರ ವಿನ್ಯಾಸ ಕಾಣುತ್ತದೆ. ಆದರೆ ಕೌದಿ ಭಾರದ ವಸ್ತು. ಕ್ಲಿಪ್ಪು ಹಾಕಿದರೆ ಎರಡು ಮೂರು ಬಿಂದುಗಳ ಮೇಲೆ ಇಡೀ ಭಾರ ಬಿದ್ದು ಅಂಚು ಜಗ್ಗುತ್ತದೆ, ಪಿನ್ನು ಚುಚ್ಚಿದರೆ ಹರಿಯುತ್ತದೆ. ಕ್ವಿಲ್ಟ್ ಪ್ರದರ್ಶನಗಳಲ್ಲಿ ಇದಕ್ಕೆ ಒಂದು ಸರಳ ಉಪಾಯ ಇದೆ. ಹಿಂಬದಿಯ ಮೇಲಂಚಿಗೆ ಸುಮಾರು ನಾಲ್ಕು ಇಂಚು ಅಗಲದ ಬಟ್ಟೆಯ ಕೊಳವೆಯೊಂದನ್ನು, ಪೈಜಾಮದ ಲಾಡಿ ತೂರಿಸುವ ನೇಫದಂತೆ, ಹೊಲಿದು ಅದರೊಳಗೆ ಕೋಲು ತೂರಿಸುತ್ತಾರೆ. ಆಗ ಭಾರ ಇಡೀ ಅಗಲಕ್ಕೆ ಸಮನಾಗಿ ಹಂಚಿಹೋಗುತ್ತದೆ. ಬೇಡವಾದಾಗ ಹೊಲಿಗೆ ಬಿಚ್ಚಿದರಾಯಿತು. ನಾವು ಐದು ಕೌದಿಗಳಿಗೆ ಬೆಳಗಿನ ಜಾವದೊಳಗೆ ಈ ನೇಫ ಹೊಲಿದು, ಬಿದಿರು ಕೋಲು ತೂರಿಸಿ, ಹಗ್ಗದಿಂದ ಮೇಲಿನ ಪೈಪಿಗೆ ಕಟ್ಟಿದೆವು.

ಹಿಂದಿನ ಗೋಡೆಗೆ ಏನು ಹಾಕುವುದು? ದೂರದಿಂದ ಮೊದಲು ಕಾಣುವುದು ಆ ಗೋಡೆ. ಅಲ್ಲಿ ಹತ್ತು ಸಣ್ಣ ವಸ್ತು ಹಾಕಿದರೆ ಕಣ್ಣು ಎಲ್ಲಿಯೂ ನಿಲ್ಲುವುದಿಲ್ಲ. ಅಮ್ಮಿ ನಮ್ಮ ದಾದಿಯ ಕೈಯ ಹಳೆಯ ಜೋಡಿ ಹಾಸಿಗೆಯ ಕೌದಿ ತರಿಸಿದರು. ಎಂಟು ಅಡಿ ಉದ್ದ, ಏಳು ಅಡಿ ಅಗಲ. ಅದನ್ನು ಅಡ್ಡಲಾಗಿ ತೂಗುಹಾಕಿ, ‘ಇದು ಮಾರಾಟಕ್ಕಿಲ್ಲ’ ಎಂದು ಚೀಟಿ ಬರೆದೆವು. ಆ ಚೀಟಿ ಓದಲೆಂದೇ ಜನ ಒಳಗೆ ಬಂದರು!

ನಾಲ್ಕು: ಬೆಳಕು, ಹಿನ್ನೆಲೆ, ವಾಸನೆ

ಕೌದಿಯ ಅಂದ ಇರುವುದು ಹೊಲಿಗೆಯ ಸಾಲಿನಲ್ಲಿ. ಎದುರಿನಿಂದ ನೇರ ಬೆಳಕು ಬಿದ್ದರೆ ಆ ಸಾಲು ಕಾಣುವುದಿಲ್ಲ, ಬಟ್ಟೆ ಚಪ್ಪಟೆಯಾಗುತ್ತದೆ. ಪಕ್ಕದಿಂದ, ಮೇಲಿನಿಂದ ಓರೆಯಾಗಿ ಬಿದ್ದರೆ ಪ್ರತಿ ಹೊಲಿಗೆಯ ಬದಿಗೂ ಸಣ್ಣ ನೆರಳು ಮೂಡಿ ಕೈಕೆಲಸ ಎದ್ದು ಕಾಣುತ್ತದೆ. ಟ್ಯೂಬ್‌ಲೈಟ್ ಆರಿಸಿ, ಎರಡು ಹಳದಿ ಛಾಯೆಯ ಎಲ್‌ಇಡಿ ಬಲ್ಬುಗಳನ್ನು ಬದಿಗಳಿಗೆ ಕಟ್ಟಿದೆವು. ಎಲ್‌ಇಡಿ ಬಿಸಿಯಾಗುವುದು ಕಡಿಮೆ, ಆದರೂ ಬಟ್ಟೆಗೆ ತಾಗದಂತೆ ಅಂತರ ಬಿಡಬೇಕು. ಬಟ್ಟೆಯ ಮಳಿಗೆಯಲ್ಲಿ ಸಡಿಲ ವೈರು ಎಂದರೆ ಬೆಂಕಿಗೆ ಆಹ್ವಾನ. ಮಧ್ಯಾಹ್ನದ ಬಿಸಿಲು ನೇರವಾಗಿ ಬೀಳುವ ಕಡೆ ಗಾಢ ಬಣ್ಣದ ಸರಕು ನೇತುಹಾಕಬೇಡಿ, ಬಣ್ಣ ಮಾಸುತ್ತದೆ.

ಹಿನ್ನೆಲೆ ಸಾದಾ ಇರಲಿ. ಸಂಘಟಕರ ಗೋಡೆ ಕೆಂಪು-ಹಳದಿ ಪಟ್ಟೆಯದು. ಕೌದಿಯೂ ಬಣ್ಣಬಣ್ಣ, ಗೋಡೆಯೂ ಬಣ್ಣಬಣ್ಣ. ಅದರ ಮೇಲೆ ಬಿಳಿ ಕೋರಾ ಬಟ್ಟೆ ಹೊದಿಸಿದ ಮೇಲೆ ಕೌದಿಗೆ ಉಸಿರು ಬಂತು. ಕಾಗದದ ಹೂ, ಬಲೂನು, ಮಿನುಗುವ ಸರ ತಂದಿದ್ದೆ. ಅಮ್ಮಿ ಎಲ್ಲವನ್ನೂ ತೆಗೆಸಿದರು. ಅಲಂಕಾರ ಸರಕಿನ ಜೊತೆ ಜಗಳವಾಡಬಾರದು ಎಂಬುದು ಅವರ ವಾದ. ಡಾಂಬರು ಗುಳಿಗೆ ಎಸೆದು, ಎಲ್ಲ ಕೌದಿಗಳನ್ನು ಬೆಳಗಿನ ಬಿಸಿಲಿಗೆ ಒಡ್ಡಿ, ಪೆಟ್ಟಿಗೆಗೆ ಒಣಗಿದ ಬೇವಿನ ಎಲೆ ಹಾಕಿದೆವು.

ಐದು: ಮುಟ್ಟಲು ಬಿಡಿ

ವಿದೇಶದ ದೊಡ್ಡ ಕ್ವಿಲ್ಟ್ ಪ್ರದರ್ಶನಗಳಲ್ಲಿ ಸ್ಪರ್ಧೆಯ ಕ್ವಿಲ್ಟ್‌ಗಳನ್ನು ಪ್ರೇಕ್ಷಕರು ಮುಟ್ಟುವಂತಿಲ್ಲ. ಬಿಳಿ ಕೈಗವಸು ತೊಟ್ಟ ಸ್ವಯಂಸೇವಕರು ಅಂಚು ಹಿಡಿದು ಹಿಂಬದಿ ತೋರಿಸುತ್ತಾರೆ, ಏಕೆಂದರೆ ನೂರಾರು ಕೈಗಳ ಬೆವರು ಬಟ್ಟೆಯನ್ನು ಕೆಡಿಸುತ್ತದೆ. ಮಾರುವ ಮಳಿಗೆಯಲ್ಲಿ ಮುಟ್ಟಬೇಡಿ ಎಂದರೆ ಗಿರಾಕಿ ಕೊಳ್ಳುವುದಿಲ್ಲ. ನಾವು ನಡುದಾರಿ ಹಿಡಿದೆವು. ಒಂದು ಚಿಕ್ಕ ಕೌದಿ ತುಂಡನ್ನು ಮೇಜಿನ ಮೇಲಿಟ್ಟು ‘ಮುಟ್ಟಿ ನೋಡಿ’ ಎಂದು ಬರೆದೆವು. ಅದರ ಒಂದು ಬದಿಯನ್ನು ಹೊಲಿಯದೆ ಬಿಟ್ಟು ಒಳಗಿನ ಪದರ ಕಾಣುವಂತೆ ಮಾಡಿದೆವು.

ಈ ಹೊಲಿಯದ ಬದಿಯೇ ಅಮ್ಮಿಯ ಉತ್ತರವಾಗಿತ್ತು. ಒಳಗೆ ಹಳೆಯ ಸೀರೆ ಇದೆ ಎಂದು ನಾವೇ ತೆರೆದು ತೋರಿಸಿದೆವು. ಕಾರಣವನ್ನೂ ಬರೆದೆವು: ಹೊಸ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಅದು ಒರಟು, ಹಲವು ವರ್ಷ ಒಗೆದ ಸೀರೆಯಲ್ಲಿ ಗಂಜಿ ಹೋಗಿ ನೂಲು ಮೆತ್ತಗಾಗಿರುತ್ತದೆ. ಕುಗ್ಗುವಷ್ಟು ಕುಗ್ಗಿ ಮುಗಿದಿರುವುದರಿಂದ ಒಗೆದಾಗ ಮುದುಡುವುದಿಲ್ಲ. ಹಿಂಬದಿಗೆ ಹಾಕುವ ಹೊಸ ಬಟ್ಟೆಯನ್ನೂ ಅದಕ್ಕೇ ಮೊದಲು ನೆನೆಸಿ ಒಣಗಿಸುತ್ತೇವೆ. ಪದರಗಳ ನಡುವೆ ನಿಲ್ಲುವ ಗಾಳಿಯೇ ಬೆಚ್ಚಗಿಡುತ್ತದೆ. ನಾನು ಮುಚ್ಚಿಡಲು ಹೋಗಿದ್ದ ಸಂಗತಿಯೇ ನಮ್ಮ ಸರಕಿನ ಗುಣವಾಗಿತ್ತು.

ಆರು: ಹೊಲಿದವರ ಹೆಸರು ಬರೆಯಿರಿ

ನಮ್ಮ ಪಕ್ಕದ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ತಾಲ್ಲೂಕುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿ ಜನಾಂಗದವರಿದ್ದಾರೆ. ಅವರಲ್ಲಿ ಮುಸ್ಲಿಮರು, ಹಿಂದೂಗಳು, ಕ್ರೈಸ್ತರು ಮೂವರೂ ಇದ್ದಾರೆ. ಅವರ ಕೌದಿಗೆ ಕವಂದಿ ಎನ್ನುತ್ತಾರೆ. ಅಂಚಿನಿಂದ ಹೊಲಿಗೆ ಹಾಕುತ್ತ ಸುತ್ತಿಕೊಂಡು ನಡುವಿಗೆ ಬರುವುದು, ಕೊನೆಗೆ ನಾಲ್ಕು ಮೂಲೆಗೂ ಬಟ್ಟೆ ಮಡಚಿದ ಹೂ ಇಡುವುದು ಅದರ ಗುರುತು. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಈ ಕಲೆಯನ್ನು ಅಧ್ಯಯನ ಮಾಡಿದರು, 2004ರಲ್ಲಿ ಸಿದ್ದಿ ಹೆಣ್ಣುಮಕ್ಕಳ ಕೌದಿ ಸಹಕಾರ ಸಂಘ ಕಟ್ಟಲು ನೆರವಾದರು. ಮುಂದೆ ಈ ಕವಂದಿಗಳು ಅಮೆರಿಕದಲ್ಲಿಯೂ ಪ್ರದರ್ಶನಗೊಂಡವು. ಮಗುವನ್ನು ಮಲಗಿಸಲು ಹೊಲಿದ ಬಟ್ಟೆ ಗೋಡೆಯ ಮೇಲೆ, ಒಳ್ಳೆಯ ಬೆಳಕಿನಲ್ಲಿ, ಹೊಲಿದವರ ಹೆಸರಿನೊಂದಿಗೆ ನಿಂತಾಗ ನೋಡುವ ಕಣ್ಣೇ ಬದಲಾಗುತ್ತದೆ.

ನಾವೂ ಪ್ರತಿ ಕೌದಿಗೆ ರಟ್ಟಿನ ಚೀಟಿ ಕಟ್ಟಿದೆವು. ಹೊಲಿದವರ ಹೆಸರು, ಅಳತೆ, ಹೊಲಿಯಲು ಹಿಡಿದ ಗಂಟೆ, ಒಗೆಯುವ ಕ್ರಮ, ಬೆಲೆ. ಖಾಲಾ ಓದಲು ಬಾರದವರು. ತಮ್ಮ ಹೆಸರು ಯಾವುದೆಂದು ಕೇಳಿ ತಿಳಿದು, ಆ ಚೀಟಿಯನ್ನು ಎದುರಿಗೆ ಕಾಣುವಂತೆ ಎರಡು ಮೂರು ಸಲ ತಿರುಗಿಸಿಟ್ಟರು. ಬೆಲೆ ಬರೆದಿದ್ದರಿಂದ ಇನ್ನೊಂದು ಲಾಭವಾಯಿತು. ಕೇಳಲು ಸಂಕೋಚಪಡುವವರು ತಾವೇ ಓದಿಕೊಂಡರು, ಚೌಕಾಶಿಯೂ ಕಡಿಮೆಯಾಯಿತು. ‘40 ಗಂಟೆ’ ಎಂದು ಓದಿದ ಮೇಲೆ ಅರ್ಧ ಬೆಲೆಗೆ ಕೇಳಲು ಯಾರಿಗೂ ಬಾಯಿ ಬರಲಿಲ್ಲ.

ಏಳು: ಲೆಕ್ಕ

ಈಗ ನಿಮ್ಮ ನೋಟ್‌ಬುಕ್ ತೆಗೆಯಿರಿ. ನಮ್ಮ ಸ್ಥಿರ ವೆಚ್ಚ: ಮಳಿಗೆ ಬಾಡಿಗೆ 4,500, ವಾಹನ 1,800, ಬಲ್ಬು, ಬಿದಿರು, ಬಟ್ಟೆ, ಚೀಟಿ 1,200, ಊಟ-ಚಹಾ 500. ಒಟ್ಟು 8,000 ರೂಪಾಯಿ. ಒಂದು ಕೌದಿಯ ಬದಲಾಗುವ ವೆಚ್ಚ: ದಾರ ಮತ್ತು ಹೊಸ ಬಟ್ಟೆ 300, ಹೊಲಿಗೆ ಕೂಲಿ 1,000. ಒಟ್ಟು 1,300. ಮಾರಾಟ ಬೆಲೆ 1,800. ಅಂದರೆ ಒಂದು ಕೌದಿಯಿಂದ ಸ್ಥಿರ ವೆಚ್ಚಕ್ಕೆ ಸಿಗುವ ಕೊಡುಗೆ 500. 8,000ವನ್ನು 500ರಿಂದ ಭಾಗಿಸಿ: 16. ಹದಿನಾರು ಕೌದಿ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇದೇ ಸಮತೋಲನ ಬಿಂದು.

ಮೊದಲ ದಿನ 900ಕ್ಕೆ ಕೊಟ್ಟ ಕೌದಿಯಿಂದ ಕೊಡುಗೆ ಬರಲಿಲ್ಲ, 400 ರೂಪಾಯಿ ಕೈಬಿಟ್ಟಿತು. ಎರಡನೆಯ ದಿನ ನಾಲ್ಕು, ಮೂರನೆಯ ದಿನ ಏಳು, ನಾಲ್ಕನೆಯ ದಿನ ಏಳು, ಒಟ್ಟು ಹದಿನೆಂಟು ಕೌದಿ ಪೂರ್ಣ ಬೆಲೆಗೆ ಹೋದವು. ಕೊಡುಗೆ 9,000. ಅದರಲ್ಲಿ 400 ಕಳೆದರೆ 8,600. ಸ್ಥಿರ ವೆಚ್ಚ ಕಳೆದು ಉಳಿದ ಲಾಭ 600 ರೂಪಾಯಿ. ಕಡಿಮೆ ಎನಿಸಬಹುದು. ಆದರೆ ಮಾರಾಟವಾದ ಹತ್ತೊಂಬತ್ತು ಕೌದಿಗಳ ಕೂಲಿ 19,000 ರೂಪಾಯಿ ಏಳು ಮನೆಗಳಿಗೆ ಹೋಯಿತು, ಖಾಲಾಗೂ ಅವರ ಪೂರ್ತಿ ಸಾವಿರ ಸಿಕ್ಕಿತು. ಸಂಘದ ಉಳಿತಾಯ ವಾಪಸು ಬಂತು.

ಇನ್ನೂ ಒಂದು ಲೆಕ್ಕವನ್ನು ನಾನು ನನಗಾಗಿ ಮಾಡಿಕೊಂಡೆ. 40 ಗಂಟೆಗೆ 1,000 ಎಂದರೆ ಗಂಟೆಗೆ 25 ರೂಪಾಯಿ. ಚೀಟಿಯಲ್ಲಿ ಹೆಮ್ಮೆಯಿಂದ ಬರೆದ ಗಂಟೆಗಳು ಈ ಸಂಖ್ಯೆಯ ಮುಂದೆ ನಾಚಿಕೆ ಹುಟ್ಟಿಸಿದವು. ಮುಂದಿನ ಪ್ರದರ್ಶನಕ್ಕೆ ಬೆಲೆಯನ್ನು 2,200ಕ್ಕೆ ಏರಿಸಿ, ಏರಿದ 400 ರೂಪಾಯಿಯನ್ನೂ ಕೂಲಿಗೇ ಸೇರಿಸಬೇಕೆಂದು ತೀರ್ಮಾನಿಸಿದ್ದೇವೆ. ಗಿರಾಕಿ ಒಪ್ಪುತ್ತಾರೆಯೆ ಎಂಬುದನ್ನು ಮಳಿಗೆಯೇ ಹೇಳಬೇಕು.

ಕೊನೆಯ ದಿನದ ಗಿರಾಕಿ

ಕೊನೆಯ ದಿನ ಸಂಜೆ ನಡುವಯಸ್ಸಿನ ಒಬ್ಬರು ಆ ಹೊಲಿಯದ ಬದಿಯನ್ನು ಬಹಳ ಹೊತ್ತು ನೋಡುತ್ತ ನಿಂತರು. ಆಮೇಲೆ ಅಮ್ಮಿಯನ್ನು ಕೇಳಿದರು: “ನಮ್ಮ ಅವ್ವನ ಸೀರಿ ಅದಾವ್ರಿ. ಆಕಿ ಹೋಗಿ ವರ್ಷ ಆತು. ಯಾರಿಗೂ ಕೊಡಾಕ ಮನಸಿಲ್ಲ, ಪೆಟಗ್ಯಾಗ ಇಟ್ಟೇವಿ. ಅವನ್ನ ಹಾಕಿ ಹೊಲದು ಕೊಡ್ತೀರೇನು?” ಅಮ್ಮಿ, “ತರ್ರಿ, ಹೊಲದು ಕೊಡ್ತೇವಿ” ಎಂದರು. ಅದನ್ನು ಕೇಳಿಸಿಕೊಂಡ ಪಕ್ಕದವರೂ ವಿಚಾರಿಸಿದರು. ರಾತ್ರಿ ಮಳಿಗೆ ಬಿಚ್ಚುವ ಹೊತ್ತಿಗೆ ಅಂಥ ಐದು ಆರ್ಡರ್ ಬರೆದುಕೊಂಡಿದ್ದೆವು. ಯಾರು ಉಟ್ಟಿದ್ದೋ ಏನೋ ಎಂಬ ಮೊದಲ ದಿನದ ಪ್ರಶ್ನೆ ನನಗೆ ಅವಮಾನವಾಗಿ ಕೇಳಿಸಿತ್ತು. ಇವರಿಗೆ ಯಾರು ಉಟ್ಟಿದ್ದು ಎಂಬುದೇ ಮುಖ್ಯವಾಗಿತ್ತು.

ನಿಮಗೊಂದು ಅಭ್ಯಾಸ

ನಿಮ್ಮ ಮನೆಯಲ್ಲಿ ಅಥವಾ ಓಣಿಯಲ್ಲಿ ಕೈಯಿಂದ ತಯಾರಾಗುವ ಒಂದು ವಸ್ತುವನ್ನು ಆರಿಸಿಕೊಳ್ಳಿ: ಶಾವಿಗೆ, ಉಪ್ಪಿನಕಾಯಿ, ಕಸೂತಿ, ಬುಟ್ಟಿ, ಯಾವುದಾದರೂ ಸರಿ. ಹತ್ತು ಅಡಿ ಚೌಕದ ನಕ್ಷೆ ಬರೆದು ಮೇಜು, ಬೆಳಕು, ಸರಕಿನ ಜಾಗ ಗುರುತಿಸಿ. ಸ್ಥಿರ ವೆಚ್ಚ, ಬದಲಾಗುವ ವೆಚ್ಚ, ಸಮತೋಲನ ಬಿಂದು ಲೆಕ್ಕ ಹಾಕಿ. ತಯಾರಿಸಿದವರಿಗೆ ಗಂಟೆಗೆ ಎಷ್ಟು ಬೀಳುತ್ತದೆ ಎಂಬುದನ್ನು ಕಡ್ಡಾಯವಾಗಿ ಬರೆಯಿರಿ. ಕೊನೆಗೆ, ಗಿರಾಕಿಯಿಂದ ನೀವು ಮುಚ್ಚಿಡಬೇಕೆಂದುಕೊಂಡ ಒಂದು ಸಂಗತಿಯನ್ನು ಬರೆದು, ಅದನ್ನು ತೆರೆದು ಹೇಳುವುದು ಹೇಗೆ ಎಂದು ಯೋಚಿಸಿ.

ನಕ್ಷೆ ಸಿದ್ಧವಾದವರು ವಾಣಿಜ್ಯ ವಿಭಾಗಕ್ಕೆ ಬನ್ನಿ. ಸುಣ್ಣದ ಪುಡಿ ನಾನು ತರುತ್ತೇನೆ, ಕಾಲೇಜಿನ ಅಂಗಳದಲ್ಲಿ ಕಟ್ಟಿ ನೋಡೋಣ.